ಕತ್ತಲಕೋಣೆಗೆ ಮರಳಿದ ಗೂಬಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫಿಲ್ಮ್ ಕಾರ್ಖಾನೆಯ ಹಿಂಬಾಗಿಲ ಬಳಿ ಗೂಬಕ್ಕ ಕೈಗಡಿಯಾರ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಾರೆ. ಮೊಬೈಲ್ ಆಗಲೇ ಅದರೊಳಗಿದೆ. ಬಳೆ, ಓಲೆ ಮನೆಯಲ್ಲೇ ಬಿಟ್ಟು ಬಂದಿದ್ದಾರೆ. ಒಗೆದು ಮಡಿಸಿಟ್ಟ ಹತ್ತಿಬಟ್ಟೆ ತೊಟ್ಟು, ತಲೆಗೆ ಟೊಪ್ಪಿಗೆ ಬಿಗಿದು, ಒಂದರ ಹಿಂದೊಂದಿರುವ ಎರಡು ಬಾಗಿಲು ದಾಟುತ್ತಾರೆ. ಮೊದಲನೆಯದು ಮುಚ್ಚಿದ ಮೇಲಷ್ಟೇ ಎರಡನೆಯದನ್ನು ತೆರೆಯಬೇಕು. ಅದರಾಚೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ.

"ಒಳಗೆ ಬಂದೆ" ಎಂದು ಗಟ್ಟಿಯಾಗಿ ಹೇಳುತ್ತಾರೆ.

"ಯಂತ್ರದ ಎಡಗಡೆ ಇದೀನಿ, ಅತ್ತಿಗೆ" ಎಂದು ಕತ್ತಲೊಳಗಿಂದ ಉತ್ತರ ಬರುತ್ತದೆ.

ಹೊರಗಿನವರಿಗೆ ಇಲ್ಲಿಂದ ಮುಂದೆ ಪ್ರವೇಶವಿಲ್ಲ. ಪಡಸಾಲೆಯಲ್ಲಿ ನೇತುಹಾಕಿರುವ ಸ್ಪೀಕರಿನಲ್ಲಿ ಒಳಗಿನ ಮಾತು ಕೇಳಿಸುತ್ತದೆ, ಅಷ್ಟೆ. ಬಾಯಿ ಮುಚ್ಚಿಕೊಂಡು ಓಡಾಡಬಾರದು ಎಂಬುದು ಆ ಕೋಣೆಯ ಮೊದಲ ಕಟ್ಟಳೆ. ಒಂದು ಹೆಜ್ಜೆ ಇಟ್ಟರೂ ಹೇಳಿಯೇ ಇಡಬೇಕು. ಇಲ್ಲದಿದ್ದರೆ ಒಬ್ಬರ ಮೊಣಕೈ ಇನ್ನೊಬ್ಬರ ಮೂಗಿಗೆ. ಗ್ರಹಚಾರ ಕೆಟ್ಟರೆ ಬೆರಳು ತಿರುಗುವ ಅಲಗಿಗೆ.

ಬಾಗಿಲಷ್ಟು ಅಗಲದ ಫಿಲ್ಮ್ ಹಾಳೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಸೀಳಿ, ಅಂಚಿಗೆ ತೂತು ಹೊಡೆಸಿ, ಸುರುಳಿ ಸುತ್ತಿ, ಡಬ್ಬಿಗೆ ತುಂಬುವುದು ಇಲ್ಲಿಯ ಕೆಲಸ. ಸೀಳುವುದು ಯಂತ್ರವೇ. ಆದರೆ ತುದಿ ಸಿಕ್ಕಿಸುವುದು, ಅಂಚು ಸವರಿ ನೋಡುವುದು, ಅಡ್ಡಾದಿಡ್ಡಿ ಹೊರಟರೆ ಹಿಡಿದು ನಿಲ್ಲಿಸುವುದು ಕೈಯಿಂದಲೇ ಆಗಬೇಕು. ಸಾಧಾರಣ ಫಿಲ್ಮಿಗಾದರೆ ಮೂಲೆಯಲ್ಲೊಂದು ಮಿಣುಕು ಹಸಿರು ದೀಪವನ್ನಾದರೂ ಇಟ್ಟುಕೊಳ್ಳಬಹುದು. ಈ ಕಪ್ಪು-ಬಿಳುಪು ಫಿಲ್ಮಿಗೆ ಅದೂ ಆಗದು. ಮೇಣದಬತ್ತಿಯ ಬೆಳಕಲ್ಲೂ ಚಿತ್ರ ಹಿಡಿಯುವಷ್ಟು ವೇಗದ್ದು ಇದು. ಕೆಲಸಗಾರರು ಇದಕ್ಕಿಟ್ಟ ಹೆಸರು ಚುರುಕಿ.

ಗೂಬಕ್ಕ ಎಂಬ ಹೆಸರನ್ನು ಇಟ್ಟವರೂ ಅವರೇ. "ಬೇರೆಯವರಿಗೆ ಗೂಬೆ ಅಂದ್ರೆ ಬೈಗುಳ. ನನಗೆ ಅದು ಬಿರುದು" ಎಂದು ಪಾಳಿಯ ನಡುವೆ ಹೊರಗೆ ಬಂದಾಗ ನಗುತ್ತಾರೆ. ಬೆಳಕಿಗೆ ಕಣ್ಣು ಕಿರಿದಾಗಿಸಿ, ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ಕೂರುತ್ತಾರೆ. ಮದುವೆಗೆ ಮೊದಲೇ ಇಲ್ಲಿ ಕೆಲಸಕ್ಕೆ ಸೇರಿದವರು. ಮದುವೆಯಾದ ಮೇಲೆ ಗಂಡನ ತಂಗಿಯನ್ನೂ ಕರೆತಂದರು. "ಕೈ ಹಿಡಿದು ಕಲಿಸಿದೆ ಅಂತಾರಲ್ಲ, ಅದು ಬರೀ ಮಾತಲ್ಲ. ಕತ್ತಲಲ್ಲಿ ಇನ್ನು ಹೇಗೆ ಕಲಿಸ್ತಾರೆ? ಅವಳ ಕೈ ಮೇಲೆ ನನ್ನ ಕೈ ಇಟ್ಟೇ ಅಂಚು ಸವರಿಸಿದ್ದು."

ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ಫಿಲ್ಮ್ ಕೊಳ್ಳುವವರು ಕಡಿಮೆಯಾದರು. ಎಲ್ಲಕ್ಕಿಂತ ಮೊದಲು ನಿಂತದ್ದು ಚುರುಕಿ. ತಯಾರಿಸುವುದು ಕಷ್ಟ, ಬಹಳ ದಿನ ಇಟ್ಟರೆ ತಾನೇ ಮಬ್ಬಾಗುತ್ತದೆ. ಕೋಣೆಗೆ ಬೀಗ ಬಿದ್ದಾಗ ಫೋಟೊ ಕಾಗದದ ವಿಭಾಗದಲ್ಲಿ ಒಬ್ಬರಿಗೆ ಮಾತ್ರ ಜಾಗವಿತ್ತು. ಅದು ನಾದಿನಿಗೆ ಸಿಕ್ಕಿತು. ಅವಳು ಒಪ್ಪಿಕೊಂಡು ಬಂದು ಮನೆಯಲ್ಲಿ ಬಾಯಿಬಿಡಲಿಲ್ಲ.

"ಕೆಲಸ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಮೇಲಿನ ಮನೆ ಅವರದು, ಕೆಳಗಿನದು ನಮ್ಮದು. ದಿನಾ ಒಂದೇ ಮೆಟ್ಟಿಲ ಹತ್ತಿರ ಮುಖ ನೋಡ್ತೀವಿ. ಅಂಥಾದ್ರಲ್ಲಿ ಕ್ಯಾಂಟೀನಿನವಳ ಬಾಯಿಂದ ಕೇಳಬೇಕಾಯ್ತಲ್ಲ, ಅದು ಚುಚ್ಚಿತು."

ಅಂದಿನಿಂದ ಅತ್ತಿಗೆ-ನಾದಿನಿಯರ ನಡುವೆ ಮಾತು ನಿಂತಿತು. ವರ್ಷಗಳೇ ಉರುಳಿದವು. ನೀರಿನ ಟ್ಯಾಂಕ್ ಖಾಲಿಯಾದರೂ, ಮಗುವಿಗೆ ಜ್ವರ ಬಂದರೂ ಸುದ್ದಿ ಮುಟ್ಟಿಸುತ್ತಿದ್ದುದು ಗೂಬಕ್ಕನ ಗಂಡನೇ. ಬಸ್ ಓಡಿಸುವ ಈ ಮನುಷ್ಯ ಇಂದಿಗೂ ಅದನ್ನು ನೆನೆದು ತಲೆ ಚಚ್ಚಿಕೊಳ್ಳುತ್ತಾರೆ: "ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ತಂಗಿ. ಸಂಬಳವಿಲ್ಲದ ಪೋಸ್ಟ್‌ಮನ್ ಆಗಿಹೋದೆ ಸ್ವಾಮಿ ನಾನು."

ಗೂಬಕ್ಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗ ಸೇರಿದರು. ಅಲ್ಲಿ ಕಣ್ಣು ಕೋರೈಸುವ ಟ್ಯೂಬ್‌ಲೈಟು, ಬೆಟ್ಟದಂತೆ ಬಿಳಿ ಹಾಸಿಗೆಬಟ್ಟೆ. "ಮೊದಮೊದಲು ಕಣ್ಣು ಮುಚ್ಕೊಂಡೇ ಮಡಚ್ತಿದ್ದೆ. ನಿದ್ದೆ ಮಾಡ್ತಿದೀಯಾ ಅಂತ ಬೈದಿದ್ದೂ ಉಂಟು."

ಕಾಲ ಮತ್ತೆ ಮಗ್ಗುಲು ಬದಲಿಸಿತು. ಎಳೆಯ ವಯಸ್ಸಿನ ಫೋಟೊಗ್ರಾಫರುಗಳು ಫಿಲ್ಮ್ ಕೇಳತೊಡಗಿದರು. ಅದರಲ್ಲೂ ಫ್ಲ್ಯಾಶ್ ಬೇಡದ ಆ ಹಳೆಯ ಚುರುಕಿಯನ್ನು. ಫಿಲ್ಮಿಗೆ ಬಳಿಯುವ ಹಳೆಯ ರಾಸಾಯನಿಕ ಪಾಕದ ಸಾಮಗ್ರಿಗಳಲ್ಲಿ ಕೆಲವು ಈಗ ಎಲ್ಲೂ ಸಿಗುವುದಿಲ್ಲ. ರಸಾಯನ ವಿಭಾಗದವರು ಒಂದು ವರ್ಷಕ್ಕೂ ಮೀರಿ ತಲೆ ಕೆಡಿಸಿಕೊಂಡು ಹೊಸ ಪಾಕ ಕೂಡಿಸಿದರು. ಆದರೆ ಕತ್ತಲಲ್ಲಿ ಅದನ್ನು ಸೀಳಿ ಸುತ್ತಿ ಅಭ್ಯಾಸವಿದ್ದವರಲ್ಲಿ ಕೈಗೆ ಸಿಕ್ಕವರು ಇಬ್ಬರೇ. ಅವರ ನಡುವೆ ಮಾತಿಲ್ಲ.

ಮೇಲ್ವಿಚಾರಕರು ಕರೆದಾಗ ಗೂಬಕ್ಕ ತಕ್ಷಣ ಹೂಂ ಅನ್ನಲಿಲ್ಲ. ಗಂಡ ಹೇಳಿದ್ದು ಒಂದೇ ಮಾತು: "ಸಿಟ್ಟನ್ನ ಮನೇಲಿಟ್ಟು ಹೋಗು. ಅದೇನು ಕಳುವಾಗಲ್ಲ."

ಹೋದರು. ಕೋಣೆಯೊಳಗೆ ಕಟ್ಟಳೆ ಕಟ್ಟಳೆಯೇ. "ಬಂದೆ." "ತಡಿ." "ಕತ್ತರಿ." "ನಿಮ್ಮ ಬಲಕ್ಕಿದೀನಿ." ಹೊರಗೆ ಬಂದೊಡನೆ ಮತ್ತೆ ಇಬ್ಬರದೂ ಒಂದೊಂದು ದಿಕ್ಕು. "ಒಳಗೆ ವಟವಟ, ಹೊರಗೆ ಮೌನವ್ರತ. ಇಂಥದ್ದನ್ನ ನಾನೆಲ್ಲೂ ಕಂಡಿಲ್ಲ" ಎನ್ನುತ್ತಾರೆ ಮೇಲ್ವಿಚಾರಕರು.

ಮೊದಲ ತಯಾರಿ ಕೆಟ್ಟಿತು. ತೊಳೆದು ನೋಡಿದರೆ ಫಿಲ್ಮಿನ ಉದ್ದಕ್ಕೂ ಎಲೆ ಉದುರಿದ ಕೊಂಬೆಗಳಂಥ ಸಣ್ಣ ಗೆರೆಗಳು. ತಮ್ಮ ಪಾಕದ್ದೇ ತಪ್ಪಿರಬೇಕೆಂದು ರಸಾಯನ ವಿಭಾಗದವರು ಮುಖ ಸಣ್ಣದು ಮಾಡಿಕೊಂಡರು. ಇನ್ನೊಮ್ಮೆ ಹೀಗಾದರೆ ಚುರುಕಿಯನ್ನು ಕಾಯಂ ಆಗಿ ಕೈಬಿಡುವುದಾಗಿ ಮಾಲೀಕರು ಹೇಳಿಬಿಟ್ಟರು.

ಎರಡನೇ ಸಲ ಯಂತ್ರ ಓಡತೊಡಗಿ ಸ್ವಲ್ಪ ಹೊತ್ತಾಗಿತ್ತು. ಎಡಗಡೆಯಿಂದ ಚಟ್ ಎಂಬ ಸದ್ದು. ಸೂಜಿಮೊನೆಯಷ್ಟು ನೀಲಿ ಕಿಡಿ. ಗೂಬಕ್ಕ ಯಂತ್ರ ನಿಲ್ಲಿಸಿದರು.

"ನಿನ್ನ ಕಡೆಯಿಂದ ಚಟ್ ಅಂತು. ಒಳಗೆ ಏನು ಹಾಕಿದೀಯ?"

ಅಷ್ಟು ವರ್ಷಗಳಲ್ಲಿ ಕೆಲಸದ ಮಾತು ಬಿಟ್ಟು ಅವರು ನಾದಿನಿಯನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಸ್ವೆಟರ್, ಅತ್ತಿಗೆ. ಎದೆ ಕಟ್ಟಿಕೊಂಡಿದೆ, ಚಳಿ ತಡೆಯೋಕಾಗ್ಲಿಲ್ಲ. ಹೋದ ಸಲವೂ ಹಾಕಿದ್ದೆ."

ಹತ್ತಿಯ ಹೊರತು ಬೇರೇನನ್ನೂ ತೊಡುವಂತಿಲ್ಲ. ಉಣ್ಣೆ ಉಜ್ಜಿದರೆ ಕಿಡಿ ಹುಟ್ಟಿ, ಅದರ ಬೆಳಕು ಫಿಲ್ಮಿನ ಮೇಲೆ ಕೊಂಬೆಯಂಥ ಗೆರೆಯಾಗಿ ಮೂಡುತ್ತದೆ. ಸಾಧಾರಣ ಫಿಲ್ಮ್ ಅದನ್ನು ತಡೆದುಕೊಂಡೀತು, ಚುರುಕಿ ತಡೆಯದು.

"ಸುಳ್ಳು ಯಾಕೆ ಹೇಳ್ಲಿ? ಹೋಗಿ ಹೇಳಿಬಿಡೋಣ ಅಂತ ನಾಲಿಗೆ ತುದಿವರೆಗೂ ಬಂತು. ಅವಳ ಕೆಲಸ ಹೋಗ್ತಿತ್ತು. ಲೆಕ್ಕ ಚುಕ್ತಾ ಆಗ್ತಿತ್ತು" ಎನ್ನುತ್ತಾರೆ ಗೂಬಕ್ಕ. "ಆದ್ರೆ ಅವಳು ಕೆಮ್ಮಿದಳು. ನೀನೇ ಹೋಗಿ ಹೇಳು, ನಾನು ಇಲ್ಲೇ ಇರ್ತೀನಿ ಅಂದೆ."

ಗೂಬಕ್ಕ ಫಿಲ್ಮನ್ನು ಡಬ್ಬದೊಳಗೆ ಭದ್ರಮಾಡಿದ ಮೇಲೆ ನಾದಿನಿ ಎರಡು ಬಾಗಿಲು ದಾಟಿ ಹೊರಗೆ ಹೋದಳು. ಬೈಗುಳ ಬಿತ್ತು, ಕೆಲಸ ಉಳಿಯಿತು. ಪಾಕ ಕೆಟ್ಟಿಲ್ಲವೆಂದು ತಿಳಿದ ರಸಾಯನ ವಿಭಾಗದವರಿಗೆ ಅವಳ ಮೇಲೆ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ಸ್ವೆಟರ್ ತೆಗೆದಿಟ್ಟು ಒಳಗೆ ಬಂದವಳು ಕತ್ತಲಲ್ಲಿ ನಿಂತು ಹೇಳಿದಳು: "ಹೇಳಿ ಬಂದೆ, ಅತ್ತಿಗೆ. ಆವತ್ತು ನಿಮಗೂ ಹೀಗೇ ಬಂದು ಹೇಳ್ಬೇಕಿತ್ತು."

"ಸರಿ, ಈಗ ತುದಿ ಹಿಡಿ" ಎಂದರಂತೆ ಗೂಬಕ್ಕ.

ಉಳಿದ ಹಾಳೆ ಸ್ವಚ್ಛವಾಗಿ ಬಂತು. ಆ ವಾರವೇ ಗೂಬಕ್ಕ ಹಳೆಯ ಹತ್ತಿ ಹೊದಿಕೆ ಕತ್ತರಿಸಿ, ಎರಡು ಪದರದ ಬೆಚ್ಚನೆಯ ಒಳಅಂಗಿ ಹೊಲಿದರು. ಗಂಡನ ಕೈಗೆ ಕೊಡಲಿಲ್ಲ. ತಾವೇ ಮೆಟ್ಟಿಲು ಹತ್ತಿ ಹೋದರು.

ಈಗ ಚುರುಕಿ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಪಾಳಿಗೆ ಸಾವಿರಕ್ಕೂ ಮಿಕ್ಕಿದ ಸುರುಳಿಗಳು ಇಬ್ಬರ ಕೈದಾಟಿ ಹೋಗುತ್ತವೆ. ಹೆಬ್ಬೆರಳ ಚರ್ಮ ದಡ್ಡುಗಟ್ಟಿದೆ, ನಿಂತು ನಿಂತು ಹಿಮ್ಮಡಿ ಉರಿಯುತ್ತದೆ. ಕಾರ್ಖಾನೆಯ ಗೋಡೆಗೆ ಯಾರೋ ಕಳಿಸಿದ ಚಿತ್ರವೊಂದನ್ನು ಅಂಟಿಸಿದ್ದಾರೆ: ಮಂದ ಬೆಳಕಿನ ಹೆರಿಗೆ ಕೋಣೆ, ತಾಯಿಯ ಎದೆಯ ಮೇಲೆ ಆಗಷ್ಟೇ ಹುಟ್ಟಿದ ಕೂಸು. ದಾಟಿ ಹೋಗುವಾಗ ಗೂಬಕ್ಕ ಅಲ್ಲೊಮ್ಮೆ ನಿಲ್ಲುತ್ತಾರೆ. "ನೋಡಿ, ಕಣ್ಣು ಬಿಟ್ಕೊಂಡೇ ಇದೆ. ಫ್ಲ್ಯಾಶ್ ಹಾಕಿದ್ರೆ ಕಿಟಾರನೆ ಕಿರುಚ್ತಿತ್ತು. ನಮ್ಮ ಚುರುಕಿ ಅದಕ್ಕೆ ತೊಂದ್ರೆ ಕೊಡಲಿಲ್ಲ."

ಈ ಪುರವಣಿಗಾಗಿ ಕೆಲಸದಲ್ಲಿರುವ ಅವರದೊಂದು ಚಿತ್ರ ಬೇಕೆಂದಾಗ ಗೂಬಕ್ಕನಿಗೆ ನಗು ತಡೆಯಲಾಗಲಿಲ್ಲ. ಕತ್ತಲಲ್ಲಿ ಏನು ತೆಗೆಯುತ್ತೀರಿ? ಕೊನೆಗೆ ಕ್ಯಾಂಟೀನಿನ ಕಿಟಕಿ ಬಳಿ, ಚುರುಕಿಯಲ್ಲೇ ತೆಗೆಯುವುದೆಂದಾಯಿತು. ಅವರು ಟೊಪ್ಪಿಗೆ ಸರಿಮಾಡಿಕೊಂಡು, ಒಳಗಿದ್ದ ನಾದಿನಿಯನ್ನು ಕೂಗಿ ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡರು. ಚಿತ್ರ ತೆಗೆದಾದ ಮೇಲೆ ಗೂಬಕ್ಕ ಫೋಟೊಗ್ರಾಫರರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಪ್ರಿಂಟ್ ಕೊಡೋದಾದ್ರೆ ಎರಡು ಕೊಡಿ. ಒಂದೇ ಕೊಟ್ರೆ, ಮೇಲಿನ ಮನೇಲಿ ಹಾಕೋದಾ ಕೆಳಗಿನ ಮನೇಲಿ ಹಾಕೋದಾ ಅಂತ ಮತ್ತೆ ಜಗಳ ಶುರುವಾಗತ್ತೆ."