ಗೋಡೆಯಾಚೆ ಬಿಟ್ಟ ನಿಂಬೆಹುಳುಗಳು

ನಿಂಬೆಗಿಡದ ಚಿಟ್ಟೆ ಚೆಂದ ಎನ್ನುವವರ ಮನೆಯಲ್ಲಿ ನಿಂಬೆಗಿಡ ಇರಲಿಕ್ಕಿಲ್ಲ. ಕಪ್ಪು ರೆಕ್ಕೆ, ತುಂಬ ಹಳದಿ ಚುಕ್ಕೆ, ಹಿಂದಿನ ರೆಕ್ಕೆಗಳಿಗೆ ಒಂದೊಂದು ಕೆಂಪು ಬೊಟ್ಟು. ಮಳೆಗಾಲದಲ್ಲಿ ಬೇಡಕಿಹಾಳದ ನಮ್ಮ ಹಿತ್ತಲಿಗೆ ಬಂದು, ಎಳೆಯ ಎಲೆಗೊಂದರಂತೆ ಸಾಸಿವೆಕಾಳಿನಷ್ಟು ತತ್ತಿ ಇಟ್ಟು ಹೋಗುತ್ತಿತ್ತು. ಮೂರ್ನಾಲ್ಕು ದಿನಕ್ಕೆ ಹುಳು. ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಮುಟ್ಟಲು ಮನಸ್ಸಾಗುವುದಿಲ್ಲ. ಬೆಳೆದ ಮೇಲೆ ಎಲೆಯ ಬಣ್ಣಕ್ಕೇ ತಿರುಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಸಿಕ್ಕಿತೆಂದು ಹಿಡಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೋಡು ಚಾಚಿ ನಾತ ಬಿಡುತ್ತದೆ. ಕಣ್ತಪ್ಪಿದ್ದು ಕಡ್ಡಿಗೆ ನೂಲು ಬಿಗಿದು ಕೋಶವಾಗುತ್ತದೆ, ಹತ್ತು ದಿನಕ್ಕೆ ಚಿಟ್ಟೆಯಾಗುತ್ತದೆ, ತಿರುಗಿ ನಮ್ಮ ಗಿಡಕ್ಕೇ ಬರುತ್ತದೆ!

ಎರಡು ಸಾವಿರದ ಹತ್ತರ ಆಚೀಚಿನ ಮಾತು. ನಾವು ಜೈನರು. ಆ ವರ್ಷ ಬಸದಿಯಲ್ಲಿ ಎಲ್ಲರೆದುರು ಕೈ ಜೋಡಿಸಿ, ಚಾತುರ್ಮಾಸದ ನಾಲ್ಕು ತಿಂಗಳು ತಿಳಿದು ಒಂದು ಜೀವವನ್ನೂ ಕೊಲ್ಲುವುದಿಲ್ಲವೆಂದು ನೇಮ ಹಿಡಿದಿದ್ದೆ. ಇತ್ತ ಹೆಂಡತಿ ಹಚ್ಚಿದ ನಿಂಬೆಗಿಡ ಬೋಳಾಗುತ್ತಿತ್ತು.

"ಕಡ್ಡಿ ಅಷ್ಟ ಉಳದಾವು ನೋಡ್ರಿ. ಏನರ ಮಾಡ್ತೀರೋ ಇಲ್ಲೋ?"

"ನೇಮ ಐತಿ. ಕೊಲ್ಲಂಗಿಲ್ಲ."

"ಕೊಲ್ರಿ ಅಂದೆನೇನ ನಾ? ತಗೀರಿ ಅಂದೆ. ಹುಳಕ್ಕ ನೇಮ ಇಲ್ಲಲಾ, ಅದು ತಿಂದೇ ತಿಂತೈತಿ."

ಆರಿಸಿ ಬೇವಿನ ಮರಕ್ಕೆ ಬಿಟ್ಟೆ. ಅವು ಎಲೆ ಮುಟ್ಟಲಿಲ್ಲ. ನಿಂಬೆ, ಕರಿಬೇವು, ಬಿಲ್ವದಂಥ ಎಲೆಯೇ ಆಗಬೇಕು ಈ ಮಹಾಶಯರಿಗೆ. ಮರುದಿನ ಎರಡು ಸತ್ತು ಬಿದ್ದಿದ್ದವು.

ಗೋಡೆಯಾಚೆ ಮನೆಯ ಅಕ್ಕನವರು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಹಿತ್ತಲಲ್ಲೂ ಒಂದು ನಿಂಬೆಗಿಡವಿತ್ತು. ಆ ಸಲವೇ ಮೊದಲ ಹೂ ಬಿಟ್ಟಿತ್ತು. ಅವರು ಕೆಲಸಕ್ಕೆ ಹೋದ ಹೊತ್ತು ನೋಡಿ, ಗೋಡೆಯ ಮೇಲಿಂದ ಕೈ ಚಾಚಿ, ಹುಳುಗಳನ್ನು ಒಂದೊಂದಾಗಿ ಅವರ ಗಿಡದ ಮೇಲೆ ಬಿಟ್ಟೆ. ದಿನಾಲೂ ಬಿಟ್ಟೆ. ಜೀವ ಉಳಿಸಿದೆನೆಂಬ ಸಮಾಧಾನ ಬೇರೆ.

ಎರಡನೇ ವಾರ ಅವರು ಬಾಗಿಲಿಗೆ ಬಂದರು.

"ಅಣ್ಣಾರ, ನಿಮ್ಮನ್ಯಾಗ ತಂಬಾಕದ ಪುಡಿ ಐತೇನ್ರಿ? ನೆನಸಿ ಗಿಡಕ್ಕ ಹೊಡೀತೀನಿ. ಎಲ್ಲಿಂದ ಬಂದಾವೋ ಹಾಳಾದ ಹುಳ!"

ಎಲ್ಲಿಂದ ಬಂದವೆಂದು ಹೇಳಿ ತಿರುಗಿ ಆರಿಸಿ ತಂದಿದ್ದರೆ ಹುಳುಗಳು ಬದುಕುತ್ತಿದ್ದವು. ನನ್ನ ಮಾನ ಹೋಗುತ್ತಿತ್ತು, ಅಷ್ಟೇ. ನಾನು ಒಳಗೆ ಹೋಗಿ ಡಬ್ಬಿ ತಂದೆ.

"ಬೇಕಾದಷ್ಟು ಒಯ್ರಿ ಅಕ್ಕಾರ" ಎಂದೆ.

ಸಂಜೆ ಗೋಡೆಯಾಚೆ ನೋಡಿದೆ. ಗಿಡದ ಬುಡದಲ್ಲಿ ಹಸಿರು ಹುಳುಗಳು ಸುರುಟಿ ಬಿದ್ದಿದ್ದವು. ಎಲೆಯೆಲ್ಲ ಹೋಗಿದ್ದ ಗಿಡ ಮತ್ತೆ ಚಿಗುರಲಿಲ್ಲ. ದೀಪಾವಳಿಯ ಹೊತ್ತಿಗೆ ಅವರು ಅದನ್ನು ಕಿತ್ತು ತಿಪ್ಪೆಗೆ ಎಸೆದರು. ಆಮೇಲೆ ಚೇತರಿಸಿಕೊಂಡ ನಮ್ಮ ಗಿಡದ ಹಣ್ಣುಗಳನ್ನು ಅವರಿಗೆ ಚೀಲದಲ್ಲಿ ಕಳಿಸತೊಡಗಿದೆ. ಅದಕ್ಕೂ ಹೊಗಳಿಕೆ! "ಇರವಿ ಸೈತ ತುಳಿಯದ ಮನಷ್ಯಾ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಇರುವೆಯ ಮಾತು ಕೇಳಿ ಕೇಳಿ ನನಗೆ ಸಾಕಾಗಿ ಹೋಯಿತು.

ಮರುವರ್ಷ ಮತ್ತೆ ನೇಮ ಹಿಡಿಯುವ ದಿನ ಬಂದಾಗ ಹೆಂಡತಿಗೆ ಎಲ್ಲ ಹೇಳಿದೆ.

"ನನ್ನ ಮುಂದ ಹೇಳಿದ್ರ ಏನ್ ಬಂತು? ನಾ ಏನ್ ಆ ಗಿಡದ ಮಾಲಕೀನಾ? ನಡೀರಿ ಆಚೆ ಮನಿಗೆ" ಎಂದಳು.

ಹೋದೆ. ಅವರು ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ಹೇಳಿ ಮುಗಿಸುವವರೆಗೂ ಮೊರ ನಿಲ್ಲಲಿಲ್ಲ.

"ಅಂದ್ರ, ಹುಳಾ ನನ್ನ ಕೈಲೆ ಕೊಲ್ಲಿಸಿದ್ರಿ" ಎಂದರು. "ಗಿಡಾನೂ ನನ್ನ ಕೈಲೆ ಕೀಳಿಸಿದ್ರಿ. ನೇಮಾ ಮಾತ್ರ ನಿಮ್ದು."

ಕೂಡ್ರಿ ಎಂದು ಅವರು ಹೇಳಲಿಲ್ಲ, ಹೋಗ್ರಿ ಎಂದೂ ಹೇಳಲಿಲ್ಲ. ಮನೆಗೆ ಬಂದೆ. ಆ ವರ್ಷ ಬಸದಿಯಲ್ಲಿ ನಾನು ಕೈ ಜೋಡಿಸಲಿಲ್ಲ. ಮರುವಾರ ನಿಂಬೆಹಣ್ಣು ಕಳಿಸಿದೆ. ಕಟ್ಟಿದ ಗಂಟನ್ನೂ ಬಿಚ್ಚದೆ ಚೀಲ ತಿರುಗಿ ಬಂತು.