ಬೇಡ ಎನ್ನುತ್ತಿದ್ದ ಲಿನ್ ಅಕ್ಕ

ಏನು ಕೊಡಹೋದರೂ ಲಿನ್ ಅಕ್ಕ ಎರಡೂ ಕೈ ಅಡ್ಡ ಹಿಡಿದು, "ನೋ, ನೋ, ನಿಮಗ್ಯಾಕೆ ತೊಂದ್ರೆ" ಎನ್ನುತ್ತಿದ್ದರು. ಕಣ್ಣು ಮಾತ್ರ ತಟ್ಟೆಯ ಮೇಲೇ ಇರುತ್ತಿತ್ತು.

ಮಕ್ಕಳೇ, ಅಮೆರಿಕದ ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಚೀನಾದವರು. ನಿಮ್ಮಪ್ಪ ಆಗ ಎರಡನೇ ಕ್ಲಾಸು. ನನ್ನದೂ ಲಿನ್ ಅಕ್ಕನದೂ ಮುರುಕು ಇಂಗ್ಲಿಷು. ಆದರೆ ಆ 'ಬೇಡ' ನನಗೆ ಹೊಸದಲ್ಲ. ಮಂಡ್ಯದ ಕಡೆ ನಮ್ಮೂರಲ್ಲಿ ಎಲೆಗೆ ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಲ್ಲೇ ಇನ್ನೊಂದು ಒಬ್ಬಟ್ಟು ತೂರಿಸುತ್ತಿದ್ದೆವು. ಇಲ್ಲದಿದ್ದರೆ ಉಪಚಾರ ಗೊತ್ತಿಲ್ಲದ ಮನೆ ಎಂದು ಆಡಿಕೊಳ್ಳುತ್ತಿದ್ದರು. ಲಿನ್ ಅಕ್ಕನ ಊರಲ್ಲೂ ಹಾಗೆಯೇ ಅಂತೆ.

ಮೇಲಿನ ಮನೆಯ ಕ್ಯಾರಲ್ ಒಳ್ಳೆಯ ಅಮೆರಿಕನ್ ಹೆಂಗಸು. ಒಮ್ಮೆ ಕೇಕು ಮಾಡಿ ತಂದಳು. ಲಿನ್ ಅಕ್ಕ "ನೋ, ನೋ" ಎಂದರು. "ಓಕೆ, ಪರವಾಗಿಲ್ಲ" ಎಂದು ಅವಳು ಡಬ್ಬಿ ಮುಚ್ಚಿಯೇಬಿಟ್ಟಳು. ಅವಳು ಹೋದ ಮೇಲೆ ಲಿನ್ ಅಕ್ಕ ಮುಖ ಸಣ್ಣದು ಮಾಡಿ, "ಇನ್ನೊಂದ್ಸಲ ಕೇಳ್ಬಾರ್ದಿತ್ತಾ? ಎಷ್ಟು ಘಮ ಅಂತಿತ್ತು!" ಎಂದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆ ಚಳಿಗಾಲದಲ್ಲಿ ಅವರ ಯಜಮಾನರು ಆಸ್ಪತ್ರೆ ಸೇರಿದರು. ಒಂದು ಸಂಜೆ ನರ್ಸು ಬಂದು, "ಇವತ್ತು ಇಲ್ಲೇ ಇರ್ತೀರಾ? ಮಂಚ ಹಾಕಿಸ್ಲಾ?" ಎಂದು ಕೇಳಿದಳಂತೆ.

"ನೋ, ನೋ, ನಿಮಗ್ಯಾಕೆ ತೊಂದ್ರೆ."

"ಸರಿ, ಮನೆಗೆ ಹೋಗಿ ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದಳಂತೆ ನರ್ಸು, ಕರುಣೆಯಿಂದಲೇ.

ಲಿನ್ ಅಕ್ಕ ಬಾಗಿಲ ಬಳಿ ನಿಂತು ಕೋಟಿನ ಗುಂಡಿಗಳನ್ನು ನಿಧಾನವಾಗಿ, ಒಂದೊಂದಾಗಿ ಹಾಕಿಕೊಂಡರಂತೆ. ಯಾರೂ ಮತ್ತೆ ಕೇಳಲಿಲ್ಲ. ತಾವು ಇರುವುದು ಆಸ್ಪತ್ರೆಯವರಿಗೆ ಇಷ್ಟವಿಲ್ಲವೆಂದುಕೊಂಡು ಮನೆಗೆ ಬಂದರು. ಬೆಳಗಾಗುವಷ್ಟರಲ್ಲಿ ಯಜಮಾನರು ತೀರಿಕೊಂಡಿದ್ದರು. ಹತ್ತಿರ ಯಾರೂ ಇರಲಿಲ್ಲ.

ಕ್ಯಾರಲ್ ನಮ್ಮ ಬಾಗಿಲಲ್ಲಿ ನಿಂತು ಅತ್ತಳು. "ನರ್ಸ್ ಕೇಳಿದ್ರಂತಲ್ಲ! ಬೇಡ ಅಂತ ಯಾಕಂದ್ರು?" ಎಂದಳು. ನಾನು ಒಬ್ಬಟ್ಟಿನ ವಿಷಯ ಹೇಳಹೋದೆ. ನನ್ನ ಇಂಗ್ಲಿಷು ಅಲ್ಲಿಯವರೆಗೆ ಹೋಗಲಿಲ್ಲ.

ತಮ್ಮ ಮಗಳ ಊರಿಗೆ ಹೊರಡುವ ಮುನ್ನ ಲಿನ್ ಅಕ್ಕ ನಮ್ಮಲ್ಲಿ ಊಟಕ್ಕೆ ಬಂದರು. ಒಬ್ಬಟ್ಟು ಮಾಡಿದ್ದೆ. ಅವರ ಕೈ ಅಡ್ಡ ಬರುತ್ತದೆ, ತೂರಿಸಿಯೇ ಬಿಡೋಣವೆಂದು ಸಿದ್ಧಳಾಗಿ, "ಅಕ್ಕ, ಇನ್ನೊಂದು?" ಎಂದೆ.

"ಎಸ್" ಎಂದು ತಟ್ಟನೆ ತಟ್ಟೆ ಚಾಚಿದರು. ಇನ್ನೊಂದ್ಸಲ ಕೇಳಲಿ ಎಂದು ಕಾಯಲೇ ಇಲ್ಲ.

ಬಡಿಸಿದೆ. ಅವರು ಎದ್ದು ಹೋದ ಮೇಲೆ ನೋಡಿದರೆ ಆ ಒಬ್ಬಟ್ಟು ತಟ್ಟೆಯಲ್ಲಿ ಹಾಗೇ ಇತ್ತು.