ಎದುರು ಪಕ್ಷದ ಮಾತು

"ಈಗ ಎದುರು ಪಕ್ಷ ವಹಿಸಿ ಮಾತಾಡಮ್ಮ" ಎಂದು ಮೇಷ್ಟ್ರು ಹೇಳಿದಾಗ ಶೈಲಜಾ ಎದ್ದು ನಿಂತರು. ಕೈಯಲ್ಲಿದ್ದ ಟಿಪ್ಪಣಿಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

ಚಿಂತಾಮಣಿಯಲ್ಲಿ ನಾವು ಕೆಲವರು ಭಾನುವಾರ ಸೇರುವ ಇಂಗ್ಲಿಷ್ ಅಭ್ಯಾಸ ತರಗತಿ ಅದು. ವಿಜ್ಞಾನ, ವೈದ್ಯಕೀಯ ನೀತಿಯ ವಿಷಯಗಳನ್ನು ಅಲ್ಲಿ ಚರ್ಚಿಸುತ್ತೇವೆ. ಒಂದು ಪಕ್ಷದ ಪರ ವಾದಿಸಿದವರೇ ನಂತರ ಅದರ ವಿರುದ್ಧವೂ ವಾದಿಸಬೇಕೆಂಬುದು ಪದ್ಧತಿ. ಆ ದಿನದ ವಿಷಯ, ದಾನವಾಗಿ ಬಂದ ಕಣ್ಣನ್ನು ಯಾರಿಗೆ ಹಾಕಿದರೆಂದು ದಾನಿಯ ಮನೆಯವರಿಗೆ ತಿಳಿಸಬೇಕೇ ಎಂಬುದು. ತಿಳಿಸಬಾರದೆಂದು ಒಂದಿಷ್ಟೂ ತಡವರಿಸದೆ ವಾದಿಸಿದ್ದ ಶೈಲಜಾ ಆಗಷ್ಟೇ ಚಪ್ಪಾಳೆ ಗಿಟ್ಟಿಸಿದ್ದರು. ಅವರು ಶಿಡ್ಲಘಟ್ಟದಲ್ಲಿ ನರ್ಸ್.

"ಏನಕ್ಕ, ಸ್ಟಾಕ್ ಖಾಲಿನಾ?" ಎಂದು ಹಿಂದಿನ ಬೆಂಚಿನವರೊಬ್ಬರು ಕಿಚಾಯಿಸಿದರು. ಎಲ್ಲರೂ ನಕ್ಕೆವು. ಶೈಲಜಾ ಕೂಡ ನಕ್ಕು, ಆಮೇಲೆ ಕನ್ನಡಕ್ಕೆ ಹೊರಳಿದರು.

"ಆಕ್ಸಿಡೆಂಟಲ್ಲಿ ನಮ್ಮ ತಮ್ಮ ಹೋದಾಗ ಅವನ ಕಣ್ಣು ಕೊಟ್ವಿ ಸಾರ್. ಒಪ್ಪಿದ್ದೂ ನಾನೇ. ಯಾರಿಗೆ ಹಾಕಿದ್ರು ಅಂತ ಕೇಳಬಾರ್ದು, ಕೇಳಿಲ್ಲ. ಕಾರ್ನಿಯಾಗೆ ನೆನಪಿರಲ್ಲ ಅಂತಾನೂ ಗೊತ್ತು, ನರ್ಸಲ್ವಾ ನಾನು. ಆದ್ರೂ ಬಸ್ಸಲ್ಲಿ ಯಾರಾದ್ರೂ ನನ್ನನ್ನೇ ನೋಡ್ತಿದ್ರೆ ಮುಖ ತಿರುಗ್ಸಲ್ಲ. ಪೂರ್ತಿ ನೋಡ್ಕೊಳ್ಳಲಿ ಅಂತ ಸುಮ್ನೆ ಕೂತಿರ್ತೀನಿ."

ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳೆಂದು ಒತ್ತಾಯಿಸಲಿಲ್ಲ. ಶೈಲಜಾ ಕುಳಿತರು.

ಕಣ್ಣು ಪಡೆದವರ ಹೆಸರನ್ನು ಗುಟ್ಟಾಗಿಡುವ ನಿಯಮ ಸರಿಯೆಂದೇ ನಾನು ಈಗಲೂ ನಂಬಿದ್ದೇನೆ. ಆದರೂ ಶೈಲಜಾ ಊರಿಗೆ ಮರಳುವ ಬಸ್ಸಿನಲ್ಲಿ ಅಪರಿಚಿತರು ಯಾರಾದರೂ ಅವರನ್ನು ಕೊಂಚ ಹೊತ್ತು ನೋಡಲಿ ಎಂದು ಮನಸ್ಸು ಬಯಸುತ್ತದೆ.